ಚಿತ್ ಆದ ಮೇಲೆ

ಎದುರಾಳಿಯ ಬೆನ್ನು ನೆಲ ಮುಟ್ಟಿದ ಕೂಡಲೇ ಪೈಲ್ವಾನರ ಕೈ ಸಡಿಲವಾಗುತ್ತಿತ್ತು. ಇದನ್ನು ನಾನು ಮೊದಲು ಗಮನಿಸಿದ್ದು ಮಲ್ಲೇಶ್ವರದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ನಮ್ಮ ಜಿಮ್‌ನಲ್ಲಿ. ಎರಡು ಸಾವಿರದ ದಶಕದ ಕೊನೆಯ ಯಾವುದೋ ವರ್ಷ. ಮೆಟ್ರೊಗಾಗಿ ರಸ್ತೆ ಅಗೆದಿದ್ದರು, ಕಿಟಕಿ ತೆರೆದರೆ ಧೂಳು ಬರುತ್ತಿತ್ತು ಎಂದು ನನ್ನ ನೆನಪು. ಆದರೆ ಆ ಧೂಳು ಆ ವರ್ಷದ್ದೋ ಮುಂದಿನ ವರ್ಷದ್ದೋ ಎಂದು ಯಾರಾದರೂ ಗಟ್ಟಿಯಾಗಿ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಕೈ ಸಡಿಲವಾದದ್ದು ಮಾತ್ರ ನಿಜ. ಅದಕ್ಕೆ ವಿಡಿಯೊ ಇತ್ತು.

ಅದು ಎಂ.ಎಂ.ಎ. ಜಿಮ್. ಗುದ್ದುವುದು, ಒದೆಯುವುದು, ಎತ್ತಿ ಹಾಕುವುದು, ನೆಲದ ಮೇಲೆ ಬಿದ್ದು ಹೊರಳಾಡಿ ಕೈಯನ್ನೋ ಕತ್ತನ್ನೋ ತಿರುಚುವುದು, ಎಲ್ಲವೂ ಒಂದೇ ಆಟದಲ್ಲಿ. ಕಲಿಸುತ್ತಿದ್ದ ಕೋಚ್ ನನಗಿಂತ ಎರಡು ಮೂರು ವರ್ಷ ಚಿಕ್ಕವನು, ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದವನು. ಹೊರದೇಶದಲ್ಲಿ ಕೆಲವು ವರ್ಷ ಇದ್ದು ನೆಲದ ಪಟ್ಟುಗಳನ್ನು ಕಲಿತು ಬಂದಿದ್ದ. ನಾನು ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯೆ ಓದಿದವನು. ಸ್ಪರ್ಧಿಗಳ ಉಸಿರು, ತೂಕ, ಬಲ, ಗಾಯ ನೋಡಿಕೊಳ್ಳುವುದು ನನ್ನ ಕೆಲಸ.

ಪೈಲ್ವಾನರು ಬಂದದ್ದು ಅಕ್ಕಿಪೇಟೆಯ ಒಂದು ಗರಡಿಯಿಂದ. ಮೂವತ್ತರ ಆಸುಪಾಸು. ಮಾರುಕಟ್ಟೆಯ ಹತ್ತಿರ ಅವರ ಮನೆಯವರದು ತೆಂಗಿನಕಾಯಿ ಮಂಡಿ. ಮೂರು ತಿಂಗಳಲ್ಲಿ ನಡೆಯಲಿದ್ದ ಒಂದು ಪಂದ್ಯಕ್ಕೆ ಕೋಚ್ ಗರಡಿಗಳಿಗೆ ಹೋಗಿ ಯಾರಾದರೂ ಬರುತ್ತೀರಾ ಎಂದು ಕೇಳಿದಾಗ ಕೈಯೆತ್ತಿದವರು ಇವರೊಬ್ಬರೇ. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ ಉತ್ತರ ಸರಳವಾಗಿತ್ತು: "ನಮ್ಮ ಕಡೆ ಈಗ ಜೋಡಿ ಸಿಗಲ್ಲ ಸಾರ್. ದಸರಾಗೆ ಒಂದು, ಜಾತ್ರೆಗೆ ಒಂದು. ಉಳಿದ ದಿನ ತೆಂಗಿನಕಾಯಿ ಜೊತೆ ಕುಸ್ತಿ."

ನನಗೆ ಆಗ ಗರಡಿಯ ಬಗ್ಗೆ ಗೊತ್ತಿದ್ದದ್ದು ಕಡಿಮೆ. ತೊಂಬತ್ತರ ದಶಕದಲ್ಲಿ ಬಸವನಗುಡಿಯ ಶಾಲಾ ಮೈದಾನವೊಂದರಲ್ಲಿ ನಾನು ಕಲಿತದ್ದು ಕರಾಟೆ. ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದೆವು. ಜಪಾನಿ ಅಂಕಿಗಳನ್ನು ಮಗ್ಗಿ ಒಪ್ಪಿಸುವ ರಾಗದಲ್ಲಿ ಎಣಿಸುತ್ತಿದ್ದೆವು. ಮೈದಾನದ ಅಂಚಿನಲ್ಲಿ ಯಾರೋ ಹಿರಿಯರು ವಾಕಿಂಗ್ ನಿಲ್ಲಿಸಿ ನಮ್ಮನ್ನು ನೋಡಿ, "ಯಾರ ಮೇಲಪ್ಪಾ ಇಷ್ಟು ಕೋಪ?" ಎನ್ನುತ್ತಿದ್ದರು. ಬೆಲ್ಟಿನ ಬಣ್ಣ ಬದಲಾದ ದಿನ ಮನೆಯಲ್ಲಿ ಪಾಯಸ. ಅಷ್ಟು ವರ್ಷಗಳಲ್ಲಿ ನಾನು ಒಬ್ಬನಿಗೂ ನಿಜವಾಗಿ ಹೊಡೆದಿರಲಿಲ್ಲ, ಒಬ್ಬನೂ ನನಗೆ ಹೊಡೆದಿರಲಿಲ್ಲ. ಮುಂದೆ ಓದು ಹೆಚ್ಚಾದಂತೆ ಅದೆಲ್ಲ ಚೆಂದದ ನೃತ್ಯವಾಗಿತ್ತೇನೋ ಎಂಬ ಅನುಮಾನ ಬಂತು. ಆ ಅನುಮಾನವೇ ನನ್ನನ್ನು ಈ ಜಿಮ್‌ಗೆ ತಂದಿತ್ತು. ಇಲ್ಲಿ ಕನಿಷ್ಠ ಪರೀಕ್ಷೆ ಇತ್ತು. ಪಟ್ಟು ಹಿಡಿಯುತ್ತದೆಯೋ ಇಲ್ಲವೋ ಎದುರಿನವನ ಮುಖದಲ್ಲೇ ಕಾಣುತ್ತಿತ್ತು.

ಮೊದಲ ವಾರ ಪೈಲ್ವಾನರು ಜಿಮ್‌ನ ಹುಡುಗರನ್ನೆಲ್ಲ ಎತ್ತಿ ಹಾಕಿದರು. ಅವರು ಸೊಂಟಕ್ಕೆ ಕೈ ಹಾಕಿದರೆ ಮುಗಿಯಿತು, ಎಂಥವನೂ ನೆಲ ಬಿಟ್ಟು ಮೇಲೇಳುತ್ತಿದ್ದ. "ಅಣ್ಣ, ಮೂಟೆ ಅಲ್ಲಣ್ಣ, ಮನುಷ್ಯ ನಾನು," ಎಂದು ಒಬ್ಬ ಗಾಳಿಯಲ್ಲೇ ಕೂಗಿಕೊಂಡದ್ದು ಇನ್ನೂ ಕಿವಿಯಲ್ಲಿದೆ. ಆದರೆ ಬಿದ್ದವನ ಬೆನ್ನು ಚಾಪೆಗೆ ತಾಗಿದ ಮರುಕ್ಷಣ ಪೈಲ್ವಾನರು ಹಿಡಿತ ಬಿಟ್ಟು, ಸ್ವಲ್ಪ ಬಾಗಿ, ಕೈ ಇಳಿಬಿಟ್ಟು ನಿಲ್ಲುತ್ತಿದ್ದರು. ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣು ಮುಟ್ಟಿದರೆ ಚಿತ್. ಅಲ್ಲಿಗೆ ಆಟ ಮುಗಿಯಿತು. ನಮ್ಮ ಆಟ ಶುರುವಾಗುವುದೇ ಅಲ್ಲಿಂದ. ಕೆಳಗೆ ಬಿದ್ದವನು ಆ ಇಳಿಬಿಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲುಗಳನ್ನು ಭುಜದ ಮೇಲೆ ಹಾಕಿ, ಮೊಣಕೈಯನ್ನು ಹಿಮ್ಮುಖವಾಗಿ ಬಾಗಿಸಿಬಿಡುತ್ತಿದ್ದ.

ಹಾಗೆ ಸಿಕ್ಕಿಕೊಂಡಾಗ ಕೈಯಿಂದ ತಟ್ಟಿದರೆ ಎದುರಿನವನು ಬಿಡಬೇಕು. ಜಿಮ್‌ನಲ್ಲಿ ಎಲ್ಲರೂ ದಿನಕ್ಕೆ ಹತ್ತಾರು ಸಲ ತಟ್ಟುತ್ತಾರೆ, ನಕ್ಕು ಮತ್ತೆ ಶುರುಮಾಡುತ್ತಾರೆ. ಪೈಲ್ವಾನರು ತಟ್ಟಲಿಲ್ಲ. ಎರಡನೆಯ ವಾರ ಮೊಣಕೈ ಊದಿಕೊಂಡಿತು.

"ತಟ್ಟಬೇಕಿತ್ತಲ್ವಾ ಪೈಲ್ವಾನ್ರೇ?" ಎಂದೆ ಐಸ್ ಕಟ್ಟುತ್ತಾ.

"ತಟ್ಟೋದು ಅಂದ್ರೆ ಸೋತೆ ಅಂತ ತಾನೇ?"

"ಹೌದು."

"ಅವ್ನು ಕೆಳಗಿದ್ನಲ್ಲ ಸಾರ್. ನಾನ್ಯಾಕೆ ಸೋಲಲಿ?"

ಕೋಚ್ ತಲೆ ಚಚ್ಚಿಕೊಂಡ. "ಗುರು, ಇವ್ರಿಗೆ ಆನೆ ಬಲ. ಆದ್ರೆ ಗೆದ್ದ ಮೇಲೆ ಸೋಲ್ತಾರೆ. ಇದನ್ನ ಹೆಂಗೆ ರಿಪೇರಿ ಮಾಡೋದು?"

ರಿಪೇರಿ ನನ್ನ ಪಾಲಿಗೆ ಬಂತು. ಮೊಣಕೈ ವಾಸಿಯಾಗುವವರೆಗೆ ಹದಿನೈದು ದಿನ ಅವರು ಕುಸ್ತಿ ಹಿಡಿಯುವಂತಿರಲಿಲ್ಲ. ಆ ಸಮಯದಲ್ಲಿ ನಾನು ವಿಡಿಯೊ ಹಾಕಿಕೊಂಡು ಕುಳಿತೆ. ಮೊದಲು ನನಗೆ ಅನಿಸಿದ್ದು ಇದು ದಣಿವು ಎಂದು. ಗರಡಿಯವರು ನಿಧಾನವಾಗಿ ದೇಹ ಕಟ್ಟುತ್ತಾರೆ. ದಂಡ, ಬಸ್ಕಿ, ಹಗ್ಗ ಹತ್ತುವುದು, ಗುದ್ದಲಿ ಹಿಡಿದು ಮಟ್ಟಿಯ, ಅಂದರೆ ಕುಸ್ತಿ ಕಣದ, ಮಣ್ಣು ಅಗೆಯುವುದು. ಅಲ್ಲಿ ಗಂಟೆಯ ಲೆಕ್ಕವಿಲ್ಲ, ಸಾಕು ಎನ್ನಬೇಕಾದವರು ಗರಡಿಯ ಗುರು, ಉಸ್ತಾದರು. ನಮ್ಮಲ್ಲಿ ಐದು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಗೋಡೆಯ ಮೇಲೆ ಕಿರುಚುವ ಗಡಿಯಾರ. ಹೃದಯದ ಬಡಿತ ಏರಿ ಇಳಿದು ಮತ್ತೆ ಏರುವ ಆ ರೂಢಿ ಅವರಿಗಿಲ್ಲ, ಆದ್ದರಿಂದ ಕೈ ಸೋಲುತ್ತಿದೆ ಎಂದು ನಾನು ಬರೆದುಕೊಂಡೆ. ಆದರೆ ವಿಡಿಯೊದಲ್ಲಿ ಮೊದಲ ನಿಮಿಷದಲ್ಲಿಯೂ ಕೈ ಬಿಡುತ್ತಿತ್ತು, ಕೊನೆಯ ನಿಮಿಷದಲ್ಲಿಯೂ ಬಿಡುತ್ತಿತ್ತು. ನಿಂತುಕೊಂಡು, ಗೋಡೆಗೆ ಒತ್ತಿ ಹಿಡಿದಾಗ ಎಷ್ಟೇ ದಣಿದರೂ ಬಿಡುತ್ತಿರಲಿಲ್ಲ. ದಣಿವಿನ ವಾದ ಅಲ್ಲಿಗೆ ಬಿತ್ತು.

ವಿಡಿಯೊ ಅವರಿಗೇ ತೋರಿಸಿದೆ. ಅವರು ಪರದೆಯ ಹತ್ತಿರ ಬಗ್ಗಿ ನೋಡಿ, ತಮ್ಮನ್ನು ತಾವೇ ಬೈಯತೊಡಗಿದರು. "ಅಯ್ಯೋ, ಇವ್ನ್ಯಾಕೆ ಬಿಟ್ಟ? ಹಿಡ್ಕೊಳೋ ಲೋ."

"ನೀವೇ ಅಲ್ವಾ ಅದು?"

"ನಾನೇ ಸಾರ್. ಆದ್ರೆ ನಾನು ಬಿಟ್ಟಿಲ್ಲ. ಅದಾಗೇ ಬಿಟ್ಕೊಂಡಿದೆ."

ಮೊಣಕೈ ಸರಿಹೋದ ಮೇಲೆ ಎಲ್ಲ ಬಗೆಯ ಅಭ್ಯಾಸ ಮಾಡಿಸಿದೆವು. ಎತ್ತಿ ಹಾಕಿದ ಮೇಲೆ ಎದುರಾಳಿಯ ಎದೆಯ ಮೇಲೆ ಎದೆ ಇಡುವುದು, ಕಿವಿಗೆ ಕಿವಿ ಒತ್ತುವುದು. ನಿಧಾನವಾಗಿ ಮಾಡಿದರೆ ಎಲ್ಲ ಸರಿ. ನಿಜವಾದ ಸುತ್ತಿನಲ್ಲಿ ಮತ್ತೆ ಅದೇ. ಇನ್ನೊಂದು ಕಡೆ ಅವರನ್ನು ಯಾರಾದರೂ ಬೀಳಿಸಿದರೆ, ಅವರು ಬೆನ್ನು ನೆಲಕ್ಕೆ ತಾಗದಂತೆ ಗಾಳಿಯಲ್ಲೇ ಹೊರಳಿ ಬೋರಲಾಗಿ ಬೀಳುತ್ತಿದ್ದರು. ಕುಸ್ತಿಯಲ್ಲಿ ಅದು ಜಾಣತನ. ನಮ್ಮಲ್ಲಿ ಅದು ಬೆನ್ನನ್ನು ಎದುರಾಳಿಗೆ ಒಪ್ಪಿಸಿದಂತೆ. ಅವನು ಹಿಂದಿನಿಂದ ಏರಿ ಕತ್ತಿಗೆ ತೋಳು ಸುತ್ತುತ್ತಾನೆ. ಬಿಡಿಸಿಕೊಳ್ಳಬೇಕಾದರೆ ಅವನ ಕಡೆಗೆ ತಿರುಗಿ, ತಾನಾಗಿ ಅಂಗಾತ ಮಲಗಿ, ಕಾಲುಗಳಿಂದ ಅವನ ಸೊಂಟ ಸುತ್ತಿ ಹಿಡಿಯಬೇಕು. ಕೋಚ್ ಇದನ್ನು ಕಲಿಸಲು ಹೊರಟಾಗ ಪೈಲ್ವಾನರು ಚಾಪೆಯ ಮೇಲೆ ಮಂಡಿಯೂರಿ ಕುಳಿತರು. ಮಲಗಲಿಲ್ಲ.

"ಇದೊಂದು ಬೇಡ."

"ಇದಿಲ್ದೆ ರಿಂಗ್‌ಗೆ ಹೋದ್ರೆ ಉಸಿರು ಕಟ್ಟಿಸ್ತಾರೆ ಅಣ್ಣ," ಎಂದ ಕೋಚ್.

"ಉಸ್ತಾದ್ರನ್ನ ಕೇಳ್ಬೇಕು."

ಹೀಗೆ ನಾನು ಅಕ್ಕಿಪೇಟೆಗೆ ಹೋದೆ. ಗರಡಿಯ ಅಂಗಳದಲ್ಲಿ ಬೇವಿನ ಮರ ಇತ್ತು ಎಂದು ನಾನು ಹೇಳುತ್ತೇನೆ, ಅಲ್ಲಿ ಎಂದೂ ಮರವೇ ಇರಲಿಲ್ಲ ಎಂದು ಪೈಲ್ವಾನರು ಈಗಲೂ ಫೋನಿನಲ್ಲಿ ನಗುತ್ತಾರೆ. ಬಾಗಿಲು ತಗ್ಗು, ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಅರೆಗತ್ತಲು, ಕೆಂಪು ಮಣ್ಣು, ಎಣ್ಣೆ ಅರಿಶಿನ ಮಜ್ಜಿಗೆ ಕಲೆತ ಒಂದು ತಂಪು ವಾಸನೆ. ನಮ್ಮ ಜಿಮ್‌ನ ರಬ್ಬರು ವಾಸನೆಗೆ ಒಗ್ಗಿದ್ದ ಮೂಗಿಗೆ ಅದು ಎಷ್ಟು ಹಿತವಾಗಿತ್ತೆಂದರೆ ಬಂದ ಕೆಲಸ ಹೇಳುವುದನ್ನು ಸ್ವಲ್ಪ ಹೊತ್ತು ಮರೆತೆ.

ಉಸ್ತಾದರಿಗೆ ಎಪ್ಪತ್ತರ ಹತ್ತಿರ. ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಂಡಿ ಸವೆದು ಹೋಗಿತ್ತು, ಜಗಲಿಯ ಮೇಲೆ ಕಾಲು ಚಾಚಿಕೊಂಡೇ ಕೂರುತ್ತಿದ್ದರು. ದಸರಾ ಕಳೆದ ಮೇಲೆ ಗರಡಿಯನ್ನು ಪೈಲ್ವಾನರ ಕೈಗೆ ಕೊಟ್ಟು ತಾವು ಸುಮ್ಮನಾಗುವುದು ಎಂದು ಅವರು ಮೊದಲೇ ಎಲ್ಲರೆದುರು ಹೇಳಿದ್ದರಂತೆ. ಪೈಲ್ವಾನರು ಅದನ್ನು ನನಗೆ ಹೇಳಿರಲಿಲ್ಲ. ಅಲ್ಲಿ ಕುಳಿತು ಕೇಳಿದಾಗಲೇ ತಿಳಿದದ್ದು.

"ಗುದ್ದಲಿ, ಒದೀಲಿ, ನಂಗೇನಿಲ್ಲ ಸ್ವಾಮಿ," ಎಂದರು ಉಸ್ತಾದರು. "ಸೋತ್ರೂ ಸೋಲಲಿ. ನಾನು ಸೋತಿಲ್ವಾ? ಎತ್ ಹಾಕಿದಾರೆ, ಬಿದ್ದಿದೀನಿ. ಆದ್ರೆ ತಾನಾಗೇ ಅಂಗಾತ ಮಲಗೋದಿದ್ಯಲ್ಲ, ಅದು ಆಗಲ್ಲ. ಹಂಗೆ ಮಲಗಿದ ದಿನ ಇವನು ಈ ಮಣ್ಣಿಗೆ ಕಾಲಿಡೋದು ಬೇಡ. ಇವನನ್ನ ನೋಡಿ ನಾಳೆ ಇಲ್ಲಿರೋರೆಲ್ಲ ಮಲಗ್ತಾರೆ."

"ಅದು ಸೋಲಲ್ಲ ಉಸ್ತಾದ್ರೇ. ಆ ಆಟದಲ್ಲಿ ಅದೂ ಒಂದು ಪಟ್ಟು," ಎಂದೆ.

"ಇರಬೋದು. ನಿಮ್ಮಲ್ಲಿ."

ಪೈಲ್ವಾನರು ತಲೆ ತಗ್ಗಿಸಿ ಕಾಲ್ಬೆರಳಿಂದ ಮಣ್ಣು ಕೆದಕುತ್ತಿದ್ದರು. ಅವರಿಗೆ ಎರಡೂ ಬೇಕಿತ್ತು, ರಿಂಗೂ ಗರಡಿಯೂ. ಅಲ್ಲಿಯವರೆಗೆ ಅದನ್ನು ನಾನು ಒಂದು ತಾಂತ್ರಿಕ ಸಮಸ್ಯೆ ಎಂದುಕೊಂಡಿದ್ದೆ.

ಮಾತು ಮುಗಿದ ಮೇಲೂ ನಾನು ಏಳಲಿಲ್ಲ. ಎದುರಿಗೆ ಜೋಡಿಗಳು ಕುಸ್ತಿ ಹಿಡಿಯುತ್ತಿದ್ದವು. ಹಿಡಿಯುವ ಮೊದಲು ಇಬ್ಬರೂ ಒಬ್ಬರ ಮೈಗೆ ಒಬ್ಬರು ಹಿಡಿ ಮಣ್ಣು ಹಚ್ಚುತ್ತಿದ್ದರು, ಬೆವರಿಗೆ ಕೈ ಜಾರದಿರಲಿ ಎಂದು. ತನ್ನನ್ನು ಹಿಡಿಯಲು ಎದುರಿನವನಿಗೆ ತಾನೇ ಅನುಕೂಲ ಮಾಡಿಕೊಡುವ ಆ ಪದ್ಧತಿಯನ್ನು ನೋಡುತ್ತಾ ಕುಳಿತಿದ್ದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಒಬ್ಬ ಚಿತ್ ಆದ ಕೂಡಲೇ ಗೆದ್ದವನು ಕೈ ಬಿಡುತ್ತಿದ್ದ, ನಿಜ. ಆದರೆ ಬಿಟ್ಟು ಅಲ್ಲೇ ನಿಲ್ಲುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಬಿದ್ದವನು ಏಳುವವರೆಗೆ ಅವನ ಕೈಗೆ ಸಿಗದಷ್ಟು ದೂರದಲ್ಲಿ ಕಾಯುತ್ತಿದ್ದ. ಪೈಲ್ವಾನರೂ ಅಲ್ಲಿ ಹಾಗೇ ಮಾಡಿದರು. ಜಿಮ್‌ನಲ್ಲಿ ಆ ಎರಡು ಹೆಜ್ಜೆ ಇರಲಿಲ್ಲ. ಯಾಕೆಂದರೆ ಅಲ್ಲಿ ಬಿದ್ದವನು ಸೋತವನಂತೆ ಏಳುತ್ತಿರಲಿಲ್ಲ, ಮಲಗಿಯೇ ಕಾಲು ಚಾಚುತ್ತಿದ್ದ. ಪೈಲ್ವಾನರ ದೇಹ ಅವನು ಏಳಲಿ ಎಂದು ಬಗ್ಗಿ ಕಾಯುತ್ತಿತ್ತು. ನಾವು ಎರಡು ತಿಂಗಳು ಅಳಿಸಲು ಒದ್ದಾಡಿದ ಚಲನೆ ಅರ್ಧಕ್ಕೆ ನಿಂತ ಚಲನೆಯಾಗಿತ್ತು.

ಅಲ್ಲಿಂದ ಅವೆನ್ಯೂ ರಸ್ತೆಯ ಉದ್ದಕ್ಕೂ ನಡೆದೇ ಹೋದೆ. ಪುಸ್ತಕದ ಅಂಗಡಿಗಳ ಮುಂದೆ ಅಭ್ಯಾಸಬಲದಿಂದ ನಿಂತೆ, ಏನೂ ಕೊಳ್ಳಲಿಲ್ಲ. ಮಲ್ಲೇಶ್ವರ ತಲುಪುವ ಹೊತ್ತಿಗೆ ತೀರ್ಮಾನಿಸಿದ್ದೆ. ಕೈ ಬಿಡಲಿ. ಬಿಡುವುದನ್ನು ನಿಲ್ಲಿಸುವುದು ಬೇಡ. ಆ ಎರಡು ಹೆಜ್ಜೆಯನ್ನು ವಾಪಸು ಕೊಡೋಣ.

ಕೋಚ್ ಒಪ್ಪಲಿಲ್ಲ. "ತಲೆ ಕೆಟ್ಟಿದ್ಯಾ ಮಗಾ? ಎತ್ತಿ ಹಾಕಿ ಮೇಲೆ ಕೂರೋ ಚಾನ್ಸ್ ಸಿಕ್ದಾಗ ಹಿಂದಕ್ಕೆ ಹೋಗು ಅಂತ ಯಾರಾದ್ರೂ ಹೇಳ್ತಾರಾ?"

"ನಿಂತಿರೋನು ಕೆಳಗೆ ಹೋಗ್ಲಿಲ್ಲ ಅಂದ್ರೆ ರೆಫರಿ ಬಿದ್ದೋನ್ನ ಎಬ್ಬಿಸ್ತಾನೆ. ನಿಯಮ ಇದೆ ತಾನೇ?"

"ಇದೆ."

"ಎದ್ರೆ ಇವರು ಮತ್ತೆ ಎತ್ತಿ ಹಾಕ್ತಾರೆ. ಎದ್ದು ಎದ್ದು ಬೀಳೋನು ಎಷ್ಟು ಹೊತ್ತು ತಡೀತಾನೆ ನೋಡೋಣ."

"ಇವರನ್ನೇ ಬೀಳಿಸಿದ್ರೆ?"

ಬೋರಲು ಬಿದ್ದಾಗ ಮೊಣಕೈ ಊರಿ ಮೇಲೇಳುವುದನ್ನು ಮಾತ್ರ ಗಟ್ಟಿ ಮಾಡಿಸೋಣ ಎಂದೆ. ಅಂಗಾತ ಮಲಗುವ ಪಾಠ ಇಲ್ಲ. ಕೋಚ್ ಬಹಳ ಹೊತ್ತು ಗೊಣಗಿ, "ಆಮೇಲೆ ನನ್ನ ಕೇಳ್ಬೇಡ," ಎಂದು ಒಪ್ಪಿದ.

ಉಳಿದ ವಾರಗಳು ಚೆನ್ನಾಗಿದ್ದವು. ನನ್ನ ಕೆಲಸದ ದಿನಗಳಲ್ಲಿ ಅಷ್ಟು ಖುಷಿಯಾಗಿ ಬೆವರು ಹರಿಸಿದ ಇನ್ನೊಂದು ಕಾಲ ನೆನಪಿಲ್ಲ. ಬೆಳಿಗ್ಗೆ ಪೈಲ್ವಾನರ ಜೊತೆ ಗರಡಿ, ಸಂಜೆ ಜಿಮ್. ಪಂದ್ಯದ ತೂಕಕ್ಕೆ ಇಳಿಯಬೇಕಾಗಿತ್ತು, ನಾನು ತುಪ್ಪ ನಿಲ್ಲಿಸಿದೆ, ಉಸ್ತಾದರು ಬಾದಾಮಿ ಹಾಲು ಕುಡಿಸಿ ಕಳಿಸುತ್ತಿದ್ದರು. ತೂಕದ ಯಂತ್ರದ ಮೇಲೆ ನಿಂತು ಪೈಲ್ವಾನರು ಹಲ್ಲು ಕಿರಿಯುತ್ತಿದ್ದರು. "ಹಾಲು ಲೆಕ್ಕಕ್ಕಿಲ್ಲ ಅನ್ಕೊಂಡಿದ್ದೆ ಸಾರ್. ಪ್ರಸಾದದ್ ಥರ ಕೊಟ್ರು." ಎರಡು ಹೆಜ್ಜೆ ಮಾತ್ರ ಮೂರೇ ದಿನದಲ್ಲಿ ಕೂತಿತು. ಕಲಿಸಬೇಕಾಗಿಯೇ ಇರಲಿಲ್ಲ.

ಜಿಮ್‌ನ ಮೂಲೆಯಲ್ಲಿ ಹಗ್ಗ ಹಾರುತ್ತಾ, ಉಳಿದ ಹುಡುಗರು ಕೋಚ್ ಬಳಿ ಅಂಗಾತ ಮಲಗುವ ಪಾಠ ಕಲಿಯುವುದನ್ನು ಅವರು ದಿನಾ ನೋಡುತ್ತಿದ್ದರು. ನಾನು ಅದಕ್ಕೆ ಅರ್ಥ ಹಚ್ಚಲಿಲ್ಲ.

ಪಂದ್ಯ ನಡೆದದ್ದು ಚಾಮರಾಜಪೇಟೆಯ ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಬಾಳೆಕಂದು ಬಾಗಿಲಲ್ಲೇ ಇತ್ತು. ಗಂಡು ಹೆಣ್ಣು ಕೂರುವ ವೇದಿಕೆಯ ಮುಂದೆ ಹಗ್ಗದ ರಿಂಗ್ ಹಾಕಿದ್ದರು. ಕೆಳಗಿನ ಊಟದ ಮನೆಯಿಂದ ಸಾರಿನ ವಾಸನೆ ಇನ್ನೂ ಏರಿ ಬರುತ್ತಿತ್ತು. ಗರಡಿಯವರು ಒಂದು ಸಾಲು ಪೂರ್ತಿ ಬಂದಿದ್ದರು. ಉಸ್ತಾದರು ಮುಂದಿನ ಸಾಲಿನಲ್ಲಿ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಎದುರಾಳಿ ಬೇರೆ ಊರಿನ ಜಿಮ್‌ನವನು, ಚಿಕ್ಕ ವಯಸ್ಸು, ಚುರುಕು. ಮೊದಲ ಸುತ್ತು ಶುರುವಾಗಿ ಒಂದು ಗುದ್ದು ತಿಂದ ಮೇಲೆ ಪೈಲ್ವಾನರು ಒಳಗೆ ನುಗ್ಗಿ, ಸೊಂಟ ಹಿಡಿದು, ಅವನನ್ನು ಎತ್ತಿ ಬೆನ್ನ ಮೇಲೆ ಹಾಕಿದರು. ಕೈ ಬಿಟ್ಟರು. ಎರಡು ಹೆಜ್ಜೆ ಹಿಂದೆ.

ಗರಡಿಯ ಸಾಲು ಎದ್ದು ನಿಂತು ಶಿಳ್ಳೆ ಹಾಕಿತು. "ಚಿತ್. ಮುಗೀತು, ಬನ್ರೋ," ಎಂದು ಒಬ್ಬರು ಚಪ್ಪಲಿ ಹುಡುಕತೊಡಗಿದರು. ಪಕ್ಕದವರು ಅಂಗಿ ಹಿಡಿದು ಕೂರಿಸಿದರು. "ಮುಗಿದಿಲ್ವಂತೆ ಕೂತ್ಕೊಳ್ಳಿ."

"ಮತ್ತೆ ಇನ್ನೇನಂತೆ?"

ಬಿದ್ದವನು ಮಲಗಿಯೇ ಕಾಲು ಬೀಸಿ ಕರೆದ. ಪೈಲ್ವಾನರು ಹೋಗಲಿಲ್ಲ. ರೆಫರಿ ಎಬ್ಬಿಸಿದ. ಮತ್ತೆ ಎತ್ತು, ಮತ್ತೆ ಹಾಕು, ಮತ್ತೆ ಎರಡು ಹೆಜ್ಜೆ. ಸುತ್ತು ಮುಗಿಯುವ ಹೊತ್ತಿಗೆ ಆ ಹುಡುಗನ ಮುಖ ಬಿಳಿಚಿಕೊಂಡಿತ್ತು. ಕೋಚ್ ನನ್ನ ಭುಜ ಹಿಂಡಿದ. "ವರ್ಕ್ ಆಗ್ತಿದೆ ಮಗಾ."

ಎರಡನೆಯ ಸುತ್ತಿನಲ್ಲಿ ಅವನು ಜಾಣನಾದ. ಪೈಲ್ವಾನರು ಒಳಗೆ ನುಗ್ಗುವ ಮೊದಲೇ ತಗ್ಗಿ ಬಂದು ಎರಡೂ ಕಾಲು ಎಳೆದ. ಪೈಲ್ವಾನರು ಗಾಳಿಯಲ್ಲೇ ಹೊರಳಿ ಬೋರಲು ಬಿದ್ದರು. ಮೊಣಕೈ ಊರುವಷ್ಟರಲ್ಲಿ ಅವನು ಬೆನ್ನೇರಿದ್ದ. ತೋಳು ಕತ್ತಿನ ಸುತ್ತ ಹೋಯಿತು. ಇದು ಕೋಚ್ ಕೇಳಿದ್ದ ಪ್ರಶ್ನೆ. ಅರ್ಧ ಉತ್ತರ ಕೊಟ್ಟು ನಾನು ಮುಂದೂಡಿದ್ದ ಪ್ರಶ್ನೆ.

"ತಿರುಗಿ ಅಣ್ಣ, ಅವನ ಕಡೆ ತಿರುಗಿ," ಕೋಚ್ ಹಗ್ಗದೊಳಗೆ ತಲೆ ಹಾಕಿ ಕೂಗುತ್ತಿದ್ದ. ನನ್ನ ಕೈಯಲ್ಲಿ ಟವೆಲ್ ಇತ್ತು. ಎಸೆದರೆ ಪಂದ್ಯ ಅಲ್ಲಿಗೆ ನಿಲ್ಲುತ್ತದೆ, ಬೆನ್ನು ಉಳಿಯುತ್ತದೆ. ಅವರ ಕಿವಿ ಕೆಂಪಾಗಿ, ಆಮೇಲೆ ಕಪ್ಪಾಗುತ್ತಾ ಬಂತು. ಟವೆಲ್ ಎತ್ತಿದೆ. ಅಷ್ಟರಲ್ಲಿ ಎರಡು ದೇಹಗಳೂ ಒಟ್ಟಿಗೆ ಹೊರಳಿದವು. ರೆಫರಿಯ ಕಾಲು ಅಡ್ಡ ಬಂತು. ಮತ್ತೆ ಕಂಡಾಗ ಪೈಲ್ವಾನರು ಅಂಗಾತ ಬಿದ್ದಿದ್ದರು, ಬೆನ್ನು ಪೂರ್ತಿ ನೆಲಕ್ಕೆ, ಎರಡೂ ಕಾಲು ಎದುರಾಳಿಯ ಸೊಂಟದ ಸುತ್ತ. ಕತ್ತು ಬಿಡಿಸಿಕೊಂಡಿತ್ತು. ಒಂದೆರಡು ಉಸಿರಿನ ನಂತರ ಅವನನ್ನು ಒದ್ದು ತಳ್ಳಿ ಎದ್ದು ನಿಂತರು.

ಗರಡಿಯ ಸಾಲಿನಲ್ಲಿ ಶಿಳ್ಳೆ ಇರಲಿಲ್ಲ.

ಮೂರನೆಯ ಸುತ್ತನ್ನು ಅವರು ನಿಂತೇ ಮುಗಿಸಿದರು, ಆದರೆ ಎತ್ತುವ ಕಸುವು ಉಳಿದಿರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಇವರ ಕಡೆ, ಇಬ್ಬರು ಅವನ ಕಡೆ.

ಬಟ್ಟೆ ಬದಲಿಸಲು ನಮಗೆ ಕೊಟ್ಟಿದ್ದು ವಧುವಿನ ಕೋಣೆ. ಕನ್ನಡಿಯ ಅಂಚಿನಲ್ಲಿ ಯಾರೋ ಅಂಟಿಸಿಟ್ಟು ಮರೆತ ಬಿಂದಿಗಳಿದ್ದವು. ಉಸ್ತಾದರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಪೈಲ್ವಾನರ ಭುಜ ಹಿಡಿದು ಅವರನ್ನು ಆ ಕಡೆ ತಿರುಗಿಸಿ, ಬೆನ್ನು ನೋಡಿದರು. ಗರಡಿಯಲ್ಲಿ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ, ಬೆನ್ನಿಗಂಟಿದ ಮಣ್ಣು ಹೇಳಿಬಿಡುತ್ತದೆ. ಇಲ್ಲಿ ಬರೀ ಬೆವರಿತ್ತು. ಅಂಗೈಯಿಂದ ಒಮ್ಮೆ ಸವರಿ, ಅಂಗೈ ನೋಡಿಕೊಂಡು, ನನ್ನ ಕಡೆ ತಿರುಗಿದರು.

"ಸ್ವಾಮಿ, ನೀವು ಪಕ್ಕದಲ್ಲೇ ಇದ್ರಿ. ಅವನು ತಿರುಗಿಸಿದ್ನೋ, ಇವನೇ ತಿರುಗಿದ್ನೋ?"

ತಿರುಗಿಸಿದ ಎಂದರೆ ಮುಗಿಯುತ್ತಿತ್ತು. ಬಿದ್ದು ಸೋತವನಿಗೆ ಗರಡಿಯಲ್ಲಿ ಜಾಗ ಇತ್ತು. ನನಗೆ ನಿಜವಾಗಿ ಗೊತ್ತಿರಲಿಲ್ಲ, ರೆಫರಿಯ ಕಾಲು ಅಡ್ಡ ಇತ್ತು. ಇಂದಿಗೂ ಆ ಕ್ಷಣವನ್ನು ನೆನೆದರೆ ಕಾಣುವುದು ಕಪ್ಪು ಪ್ಯಾಂಟಿನ ಒಂದು ಮಂಡಿ ಮಾತ್ರ. ಗೊತ್ತಿಲ್ಲ ಎನ್ನಬೇಕೋ ತಿರುಗಿಸಿದ ಎನ್ನಬೇಕೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪೈಲ್ವಾನರೇ ಹೇಳಿದರು.

"ನಾನೇ ತಿರುಗ್ದೆ ಉಸ್ತಾದ್."

"ಗೊತ್ತಿದ್ದೇ?"

"ಗೊತ್ತಿದ್ದೇ."

ಉಸ್ತಾದರು ಅವರ ಕತ್ತಿನ ಮೇಲಿನ ಕೆಂಪು ಪಟ್ಟೆಯನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು. "ಬಿಸಿ ಉಪ್ಪಿನ ಶಾಖ ಕೊಡು," ಎಂದು ಚೀಲ ಎತ್ತಿಕೊಂಡು ಹೊರಟುಹೋದರು.

ಪೈಲ್ವಾನರು ಗರಡಿಗೆ ಹೋಗಲಿಲ್ಲ. ಬಾ ಎಂದು ಯಾರೂ ಹೇಳಲಿಲ್ಲ, ಬರಬೇಡ ಎಂದು ಮೊದಲೇ ಹೇಳಿ ಆಗಿತ್ತು. ಬೆಳಿಗ್ಗೆ ತೆಂಗಿನಕಾಯಿ ಮಂಡಿಗೆ ಹೋಗುವಾಗ ಗರಡಿಯ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರು. ಸಂಜೆ ಜಿಮ್‌ಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಕೋಚ್ ಇನ್ನೊಂದು ಪಂದ್ಯ ಇದೆ ಎಂದ. ಅವರು ನೋಡೋಣ ಎಂದರು, ಅಷ್ಟೇ. ಒಮ್ಮೆ ನಾನು, ಉಸ್ತಾದರು ನನ್ನನ್ನು ಕೇಳಿದ್ದರಲ್ಲ, ನೀವು ಸುಮ್ಮನಿದ್ದಿದ್ದರೆ ನಾನೇ ಏನೋ ಒಂದು ಹೇಳುತ್ತಿದ್ದೆ ಎಂದೆ. ಅವರು ನಕ್ಕರು. "ನೀವು ಏನ್ ಹೇಳಿದ್ರೂ ನಂಬ್ತಿದ್ರು ಸಾರ್. ಅದಕ್ಕೇ ನಾನೇ ಹೇಳ್ದೆ."

ದಸರಾ ಹತ್ತಿರ ಬಂತು. ಒಂದು ಸಂಜೆ ಪೈಲ್ವಾನರು ಬೆಂಚಿನ ಮೇಲೆ ಕೂರದೆ ಬಾಗಿಲಲ್ಲೇ ನಿಂತು, "ಉಸ್ತಾದ್ರು ಹೇಳಿ ಕಳ್ಸಿದಾರೆ. ನಾಳೆ ಬರಬೇಕಂತೆ. ನಿಮ್ಮನ್ನೂ ಕರೆದಿದಾರೆ," ಎಂದರು.

"ಯಾಕಂತೆ?"

"ಬೈಯೋಕಿರಬೇಕು. ಸಾಕ್ಷಿಗೆ ನೀವು."

ಮರುದಿನ ಬೆಳಿಗ್ಗೆ ಹೋದಾಗ ಮಟ್ಟಿಯನ್ನು ಹೊಸದಾಗಿ ಅಗೆದು ಹದ ಮಾಡಿದ್ದರು. ಗರಡಿಯವರೆಲ್ಲ ಸುತ್ತ ನಿಂತಿದ್ದರು. ಪೈಲ್ವಾನರು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಅಲ್ಲೇ ನಿಂತರು. ಉಸ್ತಾದರು ಒಳಗಿನಿಂದ, "ಏನು, ಪತ್ರಿಕೆ ಕೊಟ್ಟು ಕರೀಬೇಕಾ?" ಎಂದರು. ಪೈಲ್ವಾನರು ಬಗ್ಗಿ ಒಳಗೆ ಬಂದು, ಮಣ್ಣಿನ ಅಂಚಿನಲ್ಲಿ ನಿಂತರು. ಕಾಲಿಡಲಿಲ್ಲ.

ಉಸ್ತಾದರು ಗರಡಿಯ ಅತಿ ಭಾರದವನನ್ನು ಕರೆದರು. "ನೀನು ಇವನ ಬೆನ್ನು ಹತ್ತಿ ಕತ್ತಿಗೆ ಕೈ ಹಾಕು. ಅವತ್ತು ಆ ಹುಡುಗ ಹಾಕಿದಂಗೆ. ಬಿಗಿಯಾಗಿ ಹಾಕು, ಅಣ್ಣ ಅಂತ ನೋಡ್ಬೇಡ." ಆಮೇಲೆ ಪೈಲ್ವಾನರಿಗೆ, "ಅವತ್ತು ಏನ್ ಮಾಡ್ದೆ, ಮಾಡು."

"ಇಲ್ಲೇನಾ?"

"ಮತ್ತೆಲ್ಲಿ, ರಸ್ತೇಲಾ?"

ಪೈಲ್ವಾನರು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದರು. ಬೋರಲಾದರು. ಭಾರದವನು ಮೇಲೇರಿ ತೋಳು ಬಿಗಿದ. ಪೈಲ್ವಾನರ ಕಿವಿ ಕೆಂಪಾಯಿತು. ಆಮೇಲೆ ಅವರು ಗದ್ದ ಎದೆಗೆ ಒತ್ತಿ, ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಭುಜ ಮಣ್ಣಿಗೆ ಊರಿ, ತಾವಾಗಿ ತಿರುಗಿ, ಅಂಗಾತವಾದರು. ಈ ಸಲ ಯಾರ ಕಾಲೂ ಅಡ್ಡ ಇರಲಿಲ್ಲ, ಪೂರ್ತಿ ಕಂಡಿತು. ಕಾಲು ಸುತ್ತಿದರು, ತಳ್ಳಿದರು, ಎದ್ದರು. ಬೆನ್ನ ತುಂಬ ಕೆಂಪು ಮಣ್ಣು.

ಆಗ ಉಸ್ತಾದರು ಜಗಲಿಯಿಂದ ಎದ್ದು, ಆ ಸವೆದ ಮಂಡಿಯಲ್ಲೇ ಮಣ್ಣಿನ ಅಂಚಿನವರೆಗೆ ಬಂದಿದ್ದರು ಎಂದು ನನ್ನ ನೆನಪು. ಪೈಲ್ವಾನರು ಇಲ್ಲ ಎನ್ನುತ್ತಾರೆ. ಕೂತೇ ಇದ್ದರು, ಕೈಯಲ್ಲಿ ಟೀ ಲೋಟ ಇತ್ತು ಎನ್ನುತ್ತಾರೆ. ಇರಬಹುದು. ಉಸ್ತಾದರು ಹೇಳಿದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಇಲ್ಲ.

"ಇನ್ನೊಂದ್ಸಲ ಮಾಡು," ಎಂದರು. "ನಿಧಾನವಾಗಿ ಮಾಡು. ಇವರಿಗೂ ಕಾಣ್ಲಿ."